ಆರು ಸೆಕೆಂಡಿಗೊಂದು ಉಸಿರು

108ರ ಗಾಡಿ ಊರೊಳಗೆ ಬಂದು ನಿಂತು, ಹಿಂದಿನ ಬಾಗಿಲು ತೆಗೆದು ನಾನು ಇಳಿದ ಕೂಡಲೇ ಜನ ಕೇಳುತ್ತಿದ್ದದ್ದು ಒಂದೇ: “ಡಾಕ್ಟ್ರು ಎಲ್ಲಿ ಸಿಸ್ಟರ್?” ಗಾಡಿಯಲ್ಲಿ ಇರುತ್ತಿದ್ದವರು ಇಬ್ಬರೇ. ಓಡಿಸುವವರನ್ನು ಪೈಲಟ್ ಅನ್ನುತ್ತಿದ್ದೆವು. ಹಿಂದೆ ರೋಗಿಯ ಪಕ್ಕ ಕೂರುವ ಇ.ಎಂ.ಟಿ. (ತುರ್ತು ವೈದ್ಯಕೀಯ ತಂತ್ರಜ್ಞೆ) ನಾನು. 2008ರ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ ಈ ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾಯಿತು. ನಾನು ನರ್ಸಿಂಗ್ ಮುಗಿಸಿ ಸೇರಿದ್ದು ಕೆಲವು ವರ್ಷಗಳ ನಂತರ. ಶಿರಾ ಸೀಮೆಯಲ್ಲಿ ಬಹುಕಾಲ ದುಡಿದೆ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಡಲೆಕಾಯಿ ಹೊಲ, ತೆಂಗಿನ ತೋಟ, ಗೊಲ್ಲರಹಟ್ಟಿಗಳು.

ಡಾಕ್ಟರು ಇಲ್ಲ ಎಂದಾಗ ಜನರ ಮುಖ ಇಳಿದುಹೋಗುತ್ತಿತ್ತು. ಅದು ನನಗೆ ಅರ್ಥವಾಗುತ್ತಿತ್ತು. ಆದರೆ ಆ ಹೊತ್ತಿಗೆ ಅವರ ಮನೆಯವನಿಗೆ ಬೇಕಾಗಿರುತ್ತಿದ್ದದ್ದು ಎಷ್ಟೋ ಸಲ ಔಷಧವೇ ಆಗಿರುತ್ತಿರಲಿಲ್ಲ. ಗಂಟಲಿನ ದಾರಿ ತೆರೆದಿರಬೇಕಿತ್ತು, ಅಷ್ಟೆ. ಗಾಳಿ ಒಳಗೆ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳು ಕೆಡಲು ಶುರುವಾಗುತ್ತದೆ. ಶಿರಾದಿಂದ ಯಾವ ಹಟ್ಟಿಗೂ ಆರು ನಿಮಿಷದಲ್ಲಿ ಗಾಡಿ ತಲುಪುವುದಿಲ್ಲ. ಅಂದರೆ ನಾವು ಹೋಗಿ ನೋಡುವ ಹೊತ್ತಿಗೆ ಒಬ್ಬರ ಉಸಿರು ಇನ್ನೂ ಇದೆಯೆಂದರೆ, ಯಾರೋ ಏನೋ ಸರಿಯಾದದ್ದು ಮಾಡಿರುತ್ತಿದ್ದರು. ಇಲ್ಲವೇ ತಪ್ಪಾದದ್ದನ್ನು ಮಾಡದೆ ಬಿಟ್ಟಿರುತ್ತಿದ್ದರು.

ತರಬೇತಿ ಬೆಂಗಳೂರಿನಲ್ಲಿ. ನಮ್ಮ ಶಿಕ್ಷಕರು ಮೊದಲ ದಿನ ಯಾವ ಉಪಕರಣವನ್ನೂ ಮುಟ್ಟಲು ಬಿಡಲಿಲ್ಲ. ಎಲ್ಲರನ್ನೂ ನೆಲದ ಮೇಲೆ ಅಂಗಾತ ಮಲಗಿಸಿ, ದವಡೆ ಸಡಿಲ ಬಿಟ್ಟು ಗೊರಕೆ ಹೊಡೆಯಲು ಹೇಳಿದರು. “ಈ ಸದ್ದು ನೆನಪಿಟ್ಟುಕೊಳ್ಳಿ. ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತಿರೋ ಸದ್ದು ಇದು. ಪ್ರಜ್ಞೆ ಇಲ್ಲದವನು ಗೊರಕೆ ಹೊಡೀತಿದ್ದಾನೆ ಅಂದ್ರೆ ಅವನು ನಿದ್ದೆ ಮಾಡ್ತಿಲ್ಲ” ಎಂದರು. ಹಣೆಯ ಮೇಲೆ ಒಂದು ಕೈ, ಗದ್ದದ ಎಲುಬಿನ ಕೆಳಗೆ ಇನ್ನೊಂದು ಕೈಯ ಎರಡು ಬೆರಳು. ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದರೆ ನಾಲಿಗೆ ಗಂಟಲಿನ ಹಿಂಗೋಡೆಯಿಂದ ಮೇಲೆದ್ದು ಬರುತ್ತದೆ, ಗೊರಕೆ ನಿಲ್ಲುತ್ತದೆ. ಪೀಟರ್ ಸಾಫರ್ ಎಂಬ ವೈದ್ಯರು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಸಾಬೀತು ಮಾಡಿದ್ದು ಇದನ್ನೇ. ಇದಕ್ಕೆ ಬೇಕಾದದ್ದು ಎರಡು ಕೈ. ದುಡ್ಡು ಬೇಡ, ವಿದ್ಯೆಯೂ ಹೆಚ್ಚು ಬೇಡ.

ಆ ಗೊರಕೆಯನ್ನು ನಾನು ಮುಂದೆ ಹೆದ್ದಾರಿಯ ಪಕ್ಕದಲ್ಲಿ ಎಷ್ಟೋ ಸಲ ಕೇಳಿದೆ. ಬೈಕಿನಿಂದ ಬಿದ್ದವನ ಸುತ್ತ ಜನ ನಿಂತಿರುತ್ತಾರೆ. “ಏನಿಲ್ಲ ಸಿಸ್ಟರ್, ಗೊರಕೆ ಹೊಡೀತಾವ್ನೆ, ಮಲಗವ್ನೆ” ಅನ್ನುತ್ತಾರೆ. ಯಾರೋ ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟಿರುತ್ತಾರೆ. ಆ ಟವೆಲ್ಲಿನಿಂದ ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿರುತ್ತದೆ, ಇದ್ದ ದಾರಿಯೂ ಕಿರಿದಾಗಿರುತ್ತದೆ. ಇಟ್ಟವರ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಅಪಘಾತದವರ ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು, ಹಾಗಾಗಿ ತಲೆ ಬಾಗಿಸುವಂತಿಲ್ಲ. ತಲೆಯ ಹಿಂದೆ ಮಂಡಿಯೂರಿ, ಎರಡೂ ಕಿವಿಯ ಕೆಳಗಿನ ದವಡೆಯ ಮೂಲೆಗೆ ಬೆರಳಿಟ್ಟು ದವಡೆಯನ್ನಷ್ಟೇ ಮುಂದಕ್ಕೆ ಎತ್ತಬೇಕು. ಬಾಯಲ್ಲಿ ರಕ್ತ, ಮುರಿದ ಹಲ್ಲು, ಕೆಲವೊಮ್ಮೆ ಎಲೆಅಡಿಕೆ. ಸಕ್ಷನ್ ಕೊಳವೆ ಹಾಕಿ ಎಳೆದುಕೊಳ್ಳಬೇಕು, ಆದರೆ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡು ಮೀರದಂತೆ. ಕೊಳೆಯ ಜೊತೆ ಅವನಿಗೆ ಬೇಕಾದ ಗಾಳಿಯನ್ನೂ ಅದು ಎಳೆಯುತ್ತಿರುತ್ತದೆ.

ನೀರಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಸಾಯುವವರ ಬಾಯಿಗೆ ನೀರು ಬಿಡುವುದು ಋಣ ತೀರಿಸುವ ಕೆಲಸ. ಬಿಡದೆ ಹೋದರೆ ಆ ಕೊರಗು ಮನೆಯವರನ್ನು ಬದುಕಿಡೀ ತಿನ್ನುತ್ತದೆ. ಹಾಗಾಗಿ ಯಾರಾದರೂ ಬಿದ್ದ ತಕ್ಷಣ ಒಬ್ಬರು ಚೊಂಬು ತರಲು ಓಡುತ್ತಾರೆ. ಪ್ರಜ್ಞೆ ಇದ್ದವರಿಗೆ ನೀರು ಅನ್ನನಾಳಕ್ಕೆ ಹೋಗುತ್ತದೆ, ಅಡ್ಡ ಹೋದರೆ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಪ್ರಜ್ಞೆ ತಪ್ಪಿದವರಿಗೆ ಆ ಕಾವಲು ಇರುವುದಿಲ್ಲ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಸರ್ವಿಸ್ ರಸ್ತೆಯಲ್ಲಿ ಬಿದ್ದ ಒಬ್ಬ ಹುಡುಗನ ತಾಯಿ ಚೊಂಬು ಹಿಡಿದು ಅವನ ತಲೆಯ ಹತ್ತಿರ ಕೂತಿದ್ದರು. ಕೈ ಹಿಡಿದು ತಡೆಯುವುದು ನನ್ನಿಂದ ಆಗಲಿಲ್ಲ. “ಅಮ್ಮ, ಈಗ ಕೊಟ್ರೆ ನೀರು ಉಸಿರಿನ ದಾರಿಗೆ ಹೋಗುತ್ತೆ. ನೀವು ಚೊಂಬು ಹಿಡ್ಕೊಂಡು ನನ್ನ ಜೊತೆ ಗಾಡಿ ಹತ್ತಿ. ಡಾಕ್ಟ್ರು ಹೂಂ ಅಂದ ತಕ್ಷಣ ನೀವೇ ಕುಡಿಸೋರಂತೆ” ಎಂದೆ. ಆಕೆ ತುಮಕೂರಿನವರೆಗೂ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದರು. ಹುಡುಗ ಉಳಿಯಲಿಲ್ಲ, ಮೂರನೆಯ ದಿನ ತಲೆಯ ಪೆಟ್ಟಿನಿಂದ ತೀರಿಕೊಂಡ. ಅವನ ತುಟಿಗೆ ನೀರು ಮುಟ್ಟಿಸಲು ವಾರ್ಡಿನ ಸಿಸ್ಟರ್ ತಾಯಿಯನ್ನು ಒಳಗೆ ಬಿಟ್ಟರಂತೆ. ಅದನ್ನು ಕೇಳಿ ನನಗೂ ಸಮಾಧಾನವಾಯಿತು.

ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋದ ಕರೆಗಳು ಬಂದರೆ ಇನ್ನೂ ಕಷ್ಟ. ಗಾಡಿಯ ಬಾಗಿಲು ಹಾಕಿದರೆ ಆ ವಾಸನೆಯೇ ಉಸಿರು ಕಟ್ಟಿಸುತ್ತದೆ. ಬಾಯಲ್ಲಿ ನೊರೆ, ಎದೆಯೊಳಗೆ ಗುಳುಗುಳು ಸದ್ದು, ಕಣ್ಣಿನ ಪಾಪೆ ಚುಕ್ಕಿಯಷ್ಟೇ. ಆ ವಿಷ ಮೈಯ ಗ್ರಂಥಿಗಳನ್ನೆಲ್ಲ ಒಟ್ಟಿಗೆ ತೆರೆದುಬಿಡುತ್ತದೆ. ರೋಗಿ ತನ್ನದೇ ಜೊಲ್ಲು, ಕಫದಲ್ಲಿ ಮುಳುಗುತ್ತಾನೆ. ಮನೆಯವರು ವಾಂತಿ ಮಾಡಿಸಲೆಂದು ಸೋಪಿನ ನೀರನ್ನೋ ಬೇರೆ ಏನನ್ನೋ ಆಗಲೇ ಕುಡಿಸಿರುತ್ತಾರೆ, ಅದೂ ಎದೆಗೆ ಇಳಿದಿರುತ್ತದೆ. ಎಡಮಗ್ಗುಲಿಗೆ ಹೊರಳಿಸು, ಬಾಯಿ ಬರಿದು ಮಾಡು, ಆಕ್ಸಿಜನ್ ಕೊಡು, ಮತ್ತೆ ಬಾಯಿ ಬರಿದು ಮಾಡು. ಅಟ್ರೋಪಿನ್ ಕೊಡಲು ಕಾಲ್ ಸೆಂಟರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತು. ಆಸ್ಪತ್ರೆ ಮುಟ್ಟುವ ತನಕ ಇದೇ. ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಜೊತೆಗೆ ತನ್ನಿ ಎಂದು ಹೋದ ಊರಲ್ಲೆಲ್ಲ ಹೇಳುತ್ತಿದ್ದೆ.

ಈಗ ಆಂಬು ಬ್ಯಾಗಿನ ಮಾತು. ರಬ್ಬರಿನಂತಹ ಒಂದು ಚೀಲ, ಅದರ ಬಾಯಿಗೆ ಒಂದು ಕವಾಟ, ಕವಾಟಕ್ಕೆ ಮಾಸ್ಕ್. ಒತ್ತಿದರೆ ಗಾಳಿ ರೋಗಿಯ ಎದೆಗೆ ಹೋಗುತ್ತದೆ. ಬಿಟ್ಟರೆ ಚೀಲ ತಾನೇ ಉಬ್ಬಿ ಹೊರಗಿನ ಗಾಳಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಖಾಲಿಯಾದರೂ ಇದು ನಿಲ್ಲುವುದಿಲ್ಲ, ಆಗ ನೂರಕ್ಕೆ 21 ಭಾಗ ಆಮ್ಲಜನಕವಿರುವ ಸಾಮಾನ್ಯ ಗಾಳಿಯನ್ನೇ ಕೊಡುತ್ತದೆ. ನೋಡಿದವರಿಗೆ ಸುಲಭದ ಕೆಲಸ ಅನ್ನಿಸುತ್ತದೆ. ಅಷ್ಟು ಸುಲಭವಲ್ಲ. ಹೆಬ್ಬೆರಳು, ತೋರುಬೆರಳು ಮಾಸ್ಕನ್ನು ಸುತ್ತುವರಿದು ಹಿಡಿಯಬೇಕು. ಉಳಿದ ಮೂರು ಬೆರಳು ದವಡೆಯ ಎಲುಬನ್ನು ಹಿಡಿದು ಮುಖವನ್ನು ಮಾಸ್ಕಿನ ಕಡೆಗೆ ಎತ್ತಬೇಕು. ಹೊಸಬರು ಮಾಸ್ಕನ್ನೇ ಮುಖಕ್ಕೆ ಅದುಮುತ್ತಾರೆ, ಆಗ ಗದ್ದ ಕೆಳಗಿಳಿದು ದಾರಿ ಮುಚ್ಚುತ್ತದೆ. ಹಲ್ಲಿಲ್ಲದ ಅಜ್ಜ ಅಜ್ಜಿಯರ ಕೆನ್ನೆ ಒಳಗೆ ಹೋಗಿ ಗಾಳಿ ಪಕ್ಕದಿಂದ ಸೋರುತ್ತದೆ. ಗಡ್ಡವಿದ್ದರೂ ಸೋರುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ತೆಗೆಯಬಾರದು, ಮಾಸ್ಕ್ ಹಿಡಿಯಲು ಅದೇ ಆಧಾರ.

ಇದಕ್ಕಿಂತ ಕಷ್ಟ ಕೈಯನ್ನು ತಡೆದು ಹಿಡಿಯುವುದು. ದೊಡ್ಡವರ ಚೀಲದಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ, ಬೇಕಾದದ್ದು 500ರಿಂದ 600 ಮಿಲಿಲೀಟರ್. ಎದೆ ಸ್ವಲ್ಪ ಏಳುವುದು ಕಂಡರೆ ಸಾಕು. ಆರು ಸೆಕೆಂಡಿಗೊಂದು, ನಿಮಿಷಕ್ಕೆ ಹತ್ತು. ಗಾಬರಿಯಲ್ಲಿರುವ ಕೈ ನಿಮಿಷಕ್ಕೆ ಮೂವತ್ತು ಸಲ ಒತ್ತುತ್ತದೆ. ಹೆಚ್ಚಾದ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಮೇಲೆ ಬರುತ್ತದೆ. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗುತ್ತದೆ. ಜೀವ ಉಳಿಸುವ ಆತುರವೇ ಜೀವಕ್ಕೆ ಎರವಾಗುತ್ತದೆ. ಸುತ್ತ ಜನ ಅಳುತ್ತಿರುವಾಗ, ಸೈರನ್ ಕೂಗುತ್ತಿರುವಾಗ ಆರರವರೆಗೆ ನಿಧಾನವಾಗಿ ಎಣಿಸುವುದಕ್ಕೆ ಮನಸ್ಸನ್ನು ಬೇರೆಯಾಗಿಯೇ ಪಳಗಿಸಬೇಕು.

ಒಂದು ಮಳೆಗಾಲದ ರಾತ್ರಿ ಶಿರಾದ ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿಗೆ ಒಬ್ಬ ಹೆಂಗಸನ್ನು ಕರೆದೊಯ್ಯಬೇಕಾಯಿತು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಈ ಹಾವು ಕಚ್ಚಿದ ಜಾಗದಲ್ಲಿ ಉರಿಯಾಗಲಿ ಬಾವಾಗಲಿ ಅಷ್ಟಾಗಿ ಇರುವುದಿಲ್ಲ, ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಆಕೆ ಹೊಟ್ಟೆನೋವೆಂದು ಎದ್ದು ಕೂತಿದ್ದರಂತೆ. ಬೆಳಕು ಹಾಕಿ ನೋಡಿದಾಗ ಮೂಲೆಯಲ್ಲಿ ಹಾವು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ತಡಮಾಡದೆ ವಿಷನಿರೋಧಕ ಚುಚ್ಚುಮದ್ದು ಹಾಕಿದ್ದರು. ಆದರೆ ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಆಗಿಹೋದ ಹಾನಿಯನ್ನು ಮದ್ದು ಹಿಂದಕ್ಕೆ ತರಲಾರದು, ನರ ತಾನಾಗಿ ಚಿಗುರುವವರೆಗೆ ಯಾರಾದರೂ ಉಸಿರು ಕೊಡುತ್ತಿರಬೇಕು. ಅದಕ್ಕೆ ವೆಂಟಿಲೇಟರ್ ಬೇಕು. ವೆಂಟಿಲೇಟರ್ ಐವತ್ತು ಕಿಲೋಮೀಟರ್ ದೂರದಲ್ಲಿತ್ತು.

ಆಕೆಯ ಅಣ್ಣ ಗಾಡಿ ಹತ್ತಿದರು. ಆಕೆಯ ರೆಪ್ಪೆಗಳು ಆಗಲೇ ಇಳಿದಿದ್ದವು. ಇಂಥವರಿಗೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತೇವೆ, ಉಸಿರಿನ ಸ್ನಾಯುಗಳ ಬಲ ಅದರಲ್ಲೇ ತಿಳಿಯುತ್ತದೆ. ಶಿರಾ ಬಿಡುವಾಗ ಇಪ್ಪತ್ತರವರೆಗೆ ಎಣಿಸಿದರು. ಸ್ವಲ್ಪ ದೂರಕ್ಕೆ ಹನ್ನೆರಡು. ಕಳ್ಳಂಬೆಳ್ಳ ದಾಟುವಾಗ ನಾಲ್ಕಕ್ಕೇ ನಿಂತರು. ಆಮೇಲೆ ತುಟಿ ಮಾತ್ರ ಅಲ್ಲಾಡಿತು. ಎದೆ ಏಳುವುದು ಕಡಿಮೆಯಾಗಿ ಬೆರಳಿನ ಆಕ್ಸಿಮೀಟರಿನ ಅಂಕಿ ಇಳಿಯತೊಡಗಿತು. ಗಂಟಲಲ್ಲಿ ಜೊಲ್ಲು ನಿಂತಿತ್ತು, ಎಳೆದು ತೆಗೆದೆ. ಪ್ರಜ್ಞೆ ಇರುವವರ ಬಾಯಿಗೆ ಗಟ್ಟಿ ಏರ್‌ವೇ ಕೊಳವೆ ಹಾಕಿದರೆ ವಾಂತಿಯಾಗುತ್ತದೆ. ಅದಕ್ಕೆ ಮೂಗಿನ ಹೊಳ್ಳೆಯಿಂದ ಕಿವಿಯ ಹಾಲೆಗೆ ಅಳತೆ ಹಿಡಿದು, ಜೆಲ್ಲಿ ಹಚ್ಚಿದ ಮೆತ್ತನೆಯ ಕೊಳವೆಯನ್ನು ಮೂಗಿನಲ್ಲಿ ಇಳಿಸಿ ಮಾಸ್ಕ್ ಇಟ್ಟೆ.

ಓಡುವ ಗಾಡಿಯಲ್ಲಿ ಒಂದು ಕೈಯಲ್ಲಿ ಮಾಸ್ಕ್, ಒಂದು ಕೈಯಲ್ಲಿ ಚೀಲ ಹಿಡಿದು ಕೂತರೆ ಎಂಥವರಿಗೂ ಗಾಳಿ ಸೋರುತ್ತದೆ. ಇಬ್ಬರಿದ್ದರೆ ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಬೇಕು, ಇನ್ನೊಬ್ಬರು ಚೀಲ ಒತ್ತಬೇಕೆಂಬುದು ಪಾಠ. ಇನ್ನೊಬ್ಬರು ಯಾರು? ಪೈಲಟ್ ಸ್ಟೀರಿಂಗ್ ಬಿಡುವಂತಿಲ್ಲ. “ಅಣ್ಣಾ, ಬನ್ನಿ ಈ ಕಡೆ” ಎಂದು ಚೀಲವನ್ನು ಅವರ ಕೈಗೆ ಕೊಟ್ಟೆ. ಹೊಲದ ಕೆಲಸದ ಕೈ, ಮೊದಲ ಸಲ ಪೂರ್ತಿ ಹಿಂಡಿಬಿಟ್ಟರು. “ಕುಲುಮೆ ತಿದಿ ಒತ್ತಿದಂಗೆ ಬೇಡ ಅಣ್ಣ, ಎದೆ ಏಳೋದು ಕಂಡ ತಕ್ಷಣ ಬಿಟ್ಬಿಡಿ. ನಾನು ಆರು ಅಂದಾಗ ಒತ್ತಿ” ಎಂದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಸೀಬಿ ಬರುವಷ್ಟರಲ್ಲಿ ಎಣಿಕೆಯನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಅಂಕಿ ತೊಂಬತ್ತು ದಾಟಿ ನಿಂತಿತು. ನಡುನಡುವೆ ಅವರು “ನನ್ನ ತಂಗಿ ಹೋಗ್ಬುಟ್ಲಾ ಸಿಸ್ಟರ್?” ಎಂದು ಕೇಳುತ್ತಿದ್ದರು. ನಾನು ಉತ್ತರವನ್ನು ತಂಗಿಗೇ ಹೇಳುತ್ತಿದ್ದೆ. “ಅಮ್ಮಾ, ನಿಮಗೆ ಕೇಳಿಸ್ತಿದೆ ಅಂತ ನಂಗೊತ್ತು. ನಿಮ್ಮಣ್ಣ ಉಸಿರು ಕೊಡ್ತಿದ್ದಾರೆ. ತುಮಕೂರು ಬಂತು, ಹೆದರ್ಬೇಡಿ.” ಕಟ್ಟುಹಾವು ಕಚ್ಚಿದವರು ರೆಪ್ಪೆ ಎತ್ತಲಾರದೆ, ಬೆರಳು ಅಲ್ಲಾಡಿಸಲಾರದೆ ಶವದಂತೆ ಬಿದ್ದಿದ್ದರೂ ಒಳಗೆ ಎಚ್ಚರವಾಗಿರಬಹುದು. ತರಬೇತಿಯಲ್ಲಿ ಇದನ್ನು ಹೇಳಿದ್ದರು. ಅವತ್ತು ಅದನ್ನು ನಂಬಿ ಮಾತಾಡಿದೆ.

ಹಲವು ದಿನ ವೆಂಟಿಲೇಟರಿನಲ್ಲಿದ್ದು ಆಕೆ ಮನೆಗೆ ಹೋದರು. ಆಮೇಲೆ ಒಮ್ಮೆ ಶಿರಾ ಸಂತೆಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು, “ನಮ್ಮಣ್ಣ ಎಣಿಸ್ತಿದ್ದುದು ಎಲ್ಲಾ ಕೇಳಿಸ್ತಿತ್ತು ಕಣಮ್ಮ. ಆರು ಬರ್ಲಿ, ಆರು ಬರ್ಲಿ ಅಂತ ಕಾಯ್ತಿದ್ದೆ” ಎಂದರು. ಅವತ್ತಿನಿಂದ ಚೀಲ ಹಿಡಿದಾಗಲೆಲ್ಲ ಗಟ್ಟಿಯಾಗಿಯೇ ಎಣಿಸುತ್ತೇನೆ.

ಕೈಯಿಂದ ಹೀಗೆ ಉಸಿರು ಕೊಟ್ಟ ದೊಡ್ಡ ಚರಿತ್ರೆಯೊಂದು ಇದೆ ಎಂದು ಓದಿ ತಿಳಿದದ್ದು ಇದೆಲ್ಲ ಆದ ಮೇಲೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಪೋಲಿಯೊ ಬಡಿಯಿತು. ಉಸಿರಿನ ಸ್ನಾಯುಗಳೇ ಸೋತ ಮಕ್ಕಳು ಬ್ಲೆಗ್‌ಡಾಮ್ ಆಸ್ಪತ್ರೆಗೆ ದಿನವೂ ಬರುತ್ತಿದ್ದರು. ಅಲ್ಲಿದ್ದ ಉಸಿರಾಟದ ಯಂತ್ರಗಳು ಏಳು. ಮೊದಲ ಮೂರು ವಾರಗಳಲ್ಲಿ ಉಸಿರಿನ ತೊಂದರೆಯಾದ 31 ಜನರಲ್ಲಿ 27 ಜನ ಸತ್ತರು. ಆಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಒಬ್ಬ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಕೂರಿಸಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಳಸುವ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆದರೆ ಅಷ್ಟೊಂದು ರೋಗಿಗಳ ಚೀಲ ಒತ್ತುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1500 ಜನ ಸರದಿಯ ಮೇಲೆ, ಹಗಲು ರಾತ್ರಿ, ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಕೂತು ಒತ್ತಿದರು. ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಐ.ಸಿ.ಯು. ಹುಟ್ಟಿದ್ದು ಅಲ್ಲಿಂದಲೇ. ತಾನೇ ಉಬ್ಬುವ ಚೀಲವನ್ನು ಅದೇ ದೇಶದ ಹೋಲ್ಗರ್ ಹೆಸ್ಸೆ, ಹೆನ್ನಿಂಗ್ ರೂಬೆನ್ ಎಂಬವರು 1956ರಲ್ಲಿ ತಯಾರಿಸಿದರು. ನಮ್ಮ ಗಾಡಿಯ ಆಂಬು ಬ್ಯಾಗಿನ ಹೆಸರು ಬಂದದ್ದೂ ಅಲ್ಲಿಂದ. ಆ ವಿದ್ಯಾರ್ಥಿಗಳ ಬಗ್ಗೆ ಓದಿದಾಗ ನನಗೆ ಕಳ್ಳಂಬೆಳ್ಳದ ಆಚೆ ಚೀಲ ಹಿಡಿದು ಕೂತಿದ್ದ ಆ ಅಣ್ಣನೇ ಕಣ್ಣ ಮುಂದೆ ಬಂದರು.

ಗಾಡಿಯೊಳಗೆ ಹುಟ್ಟಿದ ಮಕ್ಕಳೂ ಇದ್ದಾರೆ. ಹುಟ್ಟಿ ಅಳದ ಮಗುವನ್ನು ಮೊದಲು ಒರೆಸಿ ಬೆಚ್ಚಗಿಡಬೇಕು, ಬೆನ್ನು ಉಜ್ಜಬೇಕು. ಆಗಲೂ ಉಸಿರೆಳೆಯದಿದ್ದರೆ ಮೊದಲ ನಿಮಿಷದೊಳಗೆ ಪುಟ್ಟ ಚೀಲದಿಂದ ಗಾಳಿ. ಇಲ್ಲಿ ಲೆಕ್ಕವೇ ಬೇರೆ, ನಿಮಿಷಕ್ಕೆ 40ರಿಂದ 60, ಎರಡು ಬೆರಳಿನ ಒತ್ತು ಸಾಕು. ತಲೆಯನ್ನು ದೊಡ್ಡವರಂತೆ ಹಿಂದಕ್ಕೆ ಬಾಗಿಸಿದರೆ ಮಗುವಿನ ಎಳೆಯ ಕೊಳವೆ ಮಡಚಿಕೊಳ್ಳುತ್ತದೆ. ಆ ಮೊದಲ ಅಳು ಕೇಳಿದಾಗ ಪೈಲಟ್ ಮುಂದಿನಿಂದಲೇ “ಬಂತಾ?” ಎಂದು ಕೂಗುತ್ತಿದ್ದರು.

ಕೋವಿಡ್ ಕಾಲದಲ್ಲಿ ಇದೇ ಚೀಲ ಒತ್ತಲು ಭಯವಾಗುತ್ತಿತ್ತು, ಸೋರಿದ ಗಾಳಿಯಲ್ಲಿ ರೋಗ ಇತ್ತು. ಮಾಸ್ಕಿಗೂ ಚೀಲಕ್ಕೂ ನಡುವೆ ಫಿಲ್ಟರ್ ಸಿಕ್ಕಿಸಿ, ಎರಡೂ ಕೈಯಲ್ಲಿ ಬಿಗಿಹಿಡಿದು ಮಾಡಿದೆವು. ಬಿಡಲಂತೂ ಇಲ್ಲ.

ಗಂಟಲಿಗೆ ಟ್ಯೂಬ್ ಹಾಕುವುದೇ ದೊಡ್ಡ ವಿದ್ಯೆ, ಚೀಲ ಒತ್ತುವುದು ಅದಕ್ಕೆ ಮುಂಚಿನ ಸಣ್ಣ ಕೆಲಸ ಎಂಬ ಭಾವನೆ ನಮ್ಮವರಲ್ಲೂ ಇದೆ. ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಆಂಬುಲೆನ್ಸ್‌ಗಳಲ್ಲಿ 830 ಮಕ್ಕಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಟ್ಯೂಬ್ ಹಾಕಲು ಹೊರಟವರಿಗಿಂತ ಬರಿ ಮಾಸ್ಕ್, ಚೀಲ ಬಳಸಿದವರು ಬದುಕುಳಿಸುವುದರಲ್ಲಿ ಹಿಂದೆ ಬೀಳಲಿಲ್ಲ. ಟ್ಯೂಬ್ ಬೇಕಾದ ರೋಗಿಗಳು ಖಂಡಿತ ಇದ್ದಾರೆ, ಅದನ್ನು ದಿನವೂ ಹಾಕುವ ಕೈಗಳು ಆಸ್ಪತ್ರೆಯಲ್ಲಿವೆ. ಅಲ್ಲಿಗೆ ಮುಟ್ಟುವ ತನಕ ರೋಗಿಯನ್ನು ಉಳಿಸಬೇಕಾದದ್ದು ಎತ್ತಿದ ಗದ್ದ, ಬರಿದಾದ ಬಾಯಿ, ಸೋರದ ಮಾಸ್ಕ್, ಆತುರಪಡದ ಕೈ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಬಾಯಿಗೆ ಏನನ್ನೂ ಹಾಕಬೇಡಿ, ತಲೆದಿಂಬು ಕೊಡಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಗದ್ದ ಸ್ವಲ್ಪ ಮೇಲೆತ್ತಿ ಇಡಿ. ಅಪಘಾತವಾಗಿದ್ದರೆ ತಲೆ, ಕತ್ತು, ಬೆನ್ನು ತಿರುಚದಂತೆ ಒಟ್ಟಿಗೆ ಹೊರಳಿಸಿ. ಉಸಿರು ನಿಂತಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಮೇಲುಸಿರು ಎಳೆಯುತ್ತಿದ್ದರೆ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ನೂರಕ್ಕೆ ಕಡಿಮೆಯಾಗದಂತೆ ಬಲವಾಗಿ ಒತ್ತಿ, ಗಾಡಿ ಬರುವ ತನಕ ನಿಲ್ಲಿಸಬೇಡಿ. ಪೊಲೀಸು, ಕೋರ್ಟು ಎಂಬ ಹೆದರಿಕೆ ಬೇಡ, ನೆರವಿಗೆ ಬಂದವರನ್ನು ಕಾಯುವ ಕಾನೂನನ್ನು ಕರ್ನಾಟಕ ಮಾಡಿದೆ. ಇದೆಲ್ಲ ಓದಿದರೆ ಬರುವುದಿಲ್ಲ, ಗೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು, ಒಂದು ಮಧ್ಯಾಹ್ನ ಸಾಕು. ನಿಮ್ಮೂರಿನ ಶಾಲೆಗೋ ಹಾಲಿನ ಡೈರಿಗೋ ಸ್ತ್ರೀಶಕ್ತಿ ಸಂಘಕ್ಕೋ ಕಲಿಸುವವರನ್ನು ಕರೆಸಿ. ಶಿರಾದ ಸುತ್ತಮುತ್ತ ಆದರೆ ನಾನೇ ಬರುತ್ತೇನೆ.